ಪವರ್ ಬ್ಯಾಂಕಿನ ಜೊತೆ ಬಂದ ನುಗ್ಗೆಕಾಯಿ

ನನ್ನನ್ನು ಯಾರಾದರೂ ಜಿಪುಣಿ ಎಂದರೆ ಕೋಪ ಮೂಗಿನ ತುದಿಗೆ ಬರುತ್ತದೆ. ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಾಗೆ ನೋಡಿದರೆ ನಾನು ಏನನ್ನೂ ಕೊಡದವಳೇನಲ್ಲ. ಮದುವೆಗೆ ಉಟ್ಟುಕೊಂಡು ಹೋಗುತ್ತೇನೆಂದು ಕೇಳಿದವರಿಗೆ ರೇಷ್ಮೆ ಸೀರೆ ಕೊಟ್ಟಿದ್ದೇನೆ. ಅದು ಸೆರಗಿನ ತುಂಬ ಸಾರಿನ ಕಲೆ ಹೊತ್ತು ಬಂದಾಗ 'ಊಟ ಚೆನ್ನಾಗಿತ್ತು ಅಂತ ಕಾಣುತ್ತೆ' ಎಂದು ನಕ್ಕಿದ್ದೇನೆ. ದೊಡ್ಡ ಹಂಡೆ, ಒತ್ತು ಶ್ಯಾವಿಗೆಯ ಒರಳು, ನಮ್ಮನೆಯವರ ಸ್ಕೂಟರು, ಕೆಲವೊಮ್ಮೆ ಸ್ವತಃ ನಮ್ಮನೆಯವರು, ಹೀಗೆ ನಮ್ಮ ಮನೆಯಿಂದ ಬೀದಿಗೆ ಹೋಗಿ ಬಾರದ ವಸ್ತುವೇ ಇಲ್ಲ. ಆದರೆ ಒಂದೇ ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ನಾನು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣವಳಾದೆ. ಅದು ನನ್ನ ಲ್ಯಾಪ್‌ಟಾಪಿಗೆ ಚಾರ್ಜ್ ಕೊಡುವ ಪವರ್ ಬ್ಯಾಂಕು.

ನಾನೇನೂ ದೊಡ್ಡ ಉದ್ಯೋಗದವಳಲ್ಲ. ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವರನ್ನು ಮನೆಯಿಂದ ಕರೆದೊಯ್ದು ಮತ್ತೆ ಮನೆಗೆ ಬಿಡುವ ಗಾಡಿಗಳ ಕಂಪನಿಯೊಂದರಲ್ಲಿ ಪಟ್ಟಿ ಮಾಡುವವಳು. ನಾಳೆ ಯಾವ ಗಾಡಿ ಯಾವ ಊರಿಗೆ ಹೋಗಬೇಕು, ಯಾರನ್ನು ಎಷ್ಟು ಹೊತ್ತಿಗೆ ಹತ್ತಿಸಿಕೊಳ್ಳಬೇಕು, ಯಾವ ಡ್ರೈವರಿಗೆ ಯಾವ ಡ್ರೈವರ ಜೊತೆ ಮಾತಿಲ್ಲ, ಇವೆಲ್ಲವನ್ನೂ ನೋಡಿ ಮಧ್ಯಾಹ್ನ ನಾಲ್ಕು ಗಂಟೆಯೊಳಗೆ ಪಟ್ಟಿ ಕಳಿಸಬೇಕು. ನಾನು ಕಳಿಸದಿದ್ದರೆ ವಿಮಾನವೇನೂ ನಿಲ್ಲುವುದಿಲ್ಲ, ಆದರೆ ಅದಕ್ಕೆ ಇಡ್ಲಿ ತುಂಬುವವರು, ಸಾಮಾನು ಹೊರುವವರು, ನೆಲ ಒರೆಸುವವರು ಮಾರನೆಯ ದಿನ ದೇವನಹಳ್ಳಿ ಪಕ್ಕದ ವಿಜಯಪುರದ ಸರ್ಕಲ್ಲಿನಲ್ಲಿ ಟಿಫಿನ್ ಬಾಕ್ಸು ಹಿಡಿದು ನಿಂತಲ್ಲೇ ನಿಂತಿರುತ್ತಾರೆ. ಹನ್ನೊಂದು ವರ್ಷ ಈ ಕೆಲಸವನ್ನು ಆಫೀಸಿಗೆ ಹೋಗಿಯೇ ಮಾಡಿದೆ. ನಮ್ಮೂರು ನಲ್ಲೂರಿನ ಹುಣಸೆ ತೋಪು ದಾಟಿ ಇನ್ನೂ ಒಳಗೆ. ಬೆಳಿಗ್ಗೆ ಆರೂ ಮುಕ್ಕಾಲರ ಬಸ್ಸು, ದೇವನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು, ಅಲ್ಲಿಂದ ಬಿಸಿಲಲ್ಲಿ ನಡಿಗೆ. ಮಧ್ಯಾಹ್ನ ತಣ್ಣಗಾದ ಚಿತ್ರಾನ್ನ. ಊರಿಗೆ ಬರುವಷ್ಟರಲ್ಲಿ ನಮ್ಮ ಬೀದಿಯ ನಾಯಿಗೇ ನನ್ನ ಗುರುತು ಹತ್ತುತ್ತಿರಲಿಲ್ಲ.

ಆಮೇಲೆ ಮನೆಯಿಂದಲೇ ಕೆಲಸ ಮಾಡಬಹುದು ಎಂಬ ಕಾಲ ಬಂತು. ಅದರ ಸುಖವನ್ನು ಹೇಗೆ ಹೇಳಲಿ! ಮಧ್ಯಾಹ್ನ ಒಂದು ಗಂಟೆಗೆ ಬಿಸಿ ಮುದ್ದೆ, ಬಸ್ಸಾರು. ನಡುಮನೆಯ ಕಿಟಕಿಯ ಪಕ್ಕ ಕುರ್ಚಿ, ಹೊರಗೆ ನಮ್ಮ ಚಕ್ಕೋತ ಮರ, ಅದರ ಮೇಲೆ ಹಾದು ಹೋಗುವ ವಿಮಾನ. ಮೊದಲು ವಿಮಾನದ ಸದ್ದಿಗೆ ಬೈಯುತ್ತಿದ್ದವಳು ಈಗ ಅದರಲ್ಲಿರುವವರನ್ನು ನೆನೆದು 'ಪಾಪ, ಎಲ್ಲಿಗೋ ಹೋಗಬೇಕು ಇವರು' ಎಂದು ಮರುಗುತ್ತಿದ್ದೆ. ಆದರೆ ನಮ್ಮ ಸೂಪರ್‌ವೈಸರ್ ಶಶಿಧರ್ ಸಾರ್ ಒಂದು ಷರತ್ತು ಹಾಕಿದ್ದರು. "ಸುಜಾತಾ ಮೇಡಂ, ಹಳ್ಳೀಲಿ ಕರೆಂಟ್ ಇರಲ್ಲ ಅನ್ನೋ ಕತೆ ನನಗೆ ಬೇಡ. ಒಂದೇ ಒಂದು ದಿನ ಪಟ್ಟಿ ತಡ ಆಯ್ತೋ, ಮುಂದಿನ ಸೋಮವಾರದಿಂದ ಆಫೀಸಿಗೆ ಬಂದ್ಬಿಡಿ" ಎಂದಿದ್ದರು. "ಬ್ಯಾಕಪ್ ಇದೆ ಸಾರ್" ಎಂದು ನಾನು ಎದೆ ತಟ್ಟಿ ಹೇಳಿದ್ದೆ. ಆಗ ನನ್ನ ಬಳಿ ಇದ್ದ ಬ್ಯಾಕಪ್ ಎಂದರೆ ಒಂದು ಮೇಣದ ಬತ್ತಿ.

ನಮ್ಮನೆಯವರು ಏರ್‌ಪೋರ್ಟಿನ ಸಾಮಾನು ವಿಭಾಗದಲ್ಲಿ ಶಿಫ್ಟ್ ಕೆಲಸದವರು. ಅವರೇ ಯಾರನ್ನೋ ವಿಚಾರಿಸಿ ಈ ಪವರ್ ಬ್ಯಾಂಕು ತಂದರು. ಫೋನಿಗೆ ಹಾಕುವ ಪುಟ್ಟ ಪೆಟ್ಟಿಗೆಯಲ್ಲ, ಅರ್ಧ ಇಟ್ಟಿಗೆಯ ಗಾತ್ರದ್ದು, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುವಂಥದ್ದು. ಮೈಮೇಲೆ ನಾಲ್ಕು ಚುಕ್ಕೆ ದೀಪ. ನಾಲ್ಕೂ ಉರಿದರೆ ಪೂರ್ತಿ ತುಂಬಿದೆ, ಒಂದೂ ಉರಿಯದಿದ್ದರೆ ಖಾಲಿ. ಪೂರ್ತಿ ತುಂಬಿದ್ದರೆ ನನ್ನ ಲ್ಯಾಪ್‌ಟಾಪು ಇನ್ನೊಂದು ಜನ್ಮ ಎತ್ತುತ್ತಿತ್ತು. "ಇದನ್ನ ವಿಮಾನದ ಲಗೇಜಲ್ಲಿ ಹಾಕೋಕೆ ಬಿಡಲ್ಲ ಕಣೆ, ಕೈಯಲ್ಲೇ ಹಿಡ್ಕೊಂಡು ಹೋಗಬೇಕು, ಅಷ್ಟು ಶಕ್ತಿ" ಎಂದು ನಮ್ಮನೆಯವರು ಹೆಮ್ಮೆಯಿಂದ ಹೇಳಿದರು. ನಮ್ಮತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ವಿಮಾನದೋರು ಬ್ಯಾಡ ಅಂದಿದ್ದನ್ನ ಮನೆಗ್ಯಾಕ್ಲಾ ತಂದೆ?" ಎಂದರು. ಒಂದು ವಾರ ಅದನ್ನು ಒಲೆಯ ಕಡೆ ಸುಳಿಯಗೊಡಲಿಲ್ಲ.

ನಮ್ಮತ್ತೆಯ ಬಗ್ಗೆ ಹೇಳಬೇಕು. ಎಪ್ಪತ್ತೈದು ದಾಟಿದ ಜೀವ, ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಕೇಳಿ ಬಂದವರಿಗೆ ಇಲ್ಲ ಎನ್ನುವುದು ಅವರ ನಾಲಗೆಗೆ ಬಾರದ ಪದ. ಆದರೆ ಕೊಡುವುದಕ್ಕೂ ಅವರದೊಂದು ಕಾನೂನು ಪುಸ್ತಕವಿದೆ. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಕೊಡಬಾರದು. ಮೆಣಸಿನಕಾಯಿಯನ್ನು ಕೈಗೆ ಕೊಡಬಾರದು, ಕೆಳಗಿಡಬೇಕು, ಅವರೇ ಎತ್ತಿಕೊಳ್ಳಬೇಕು. ಶುಕ್ರವಾರ ಮನೆಯಿಂದ ಬೆಳಕಿಗೆ ಸಂಬಂಧಪಟ್ಟ ಏನನ್ನೂ ಹೊರಗೆ ಕಳಿಸಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರ ಮನೆಯಿಂದಲಾದರೂ ಪಾತ್ರೆ ಬಂದರೆ ಅದನ್ನು ಖಾಲಿ ವಾಪಸ್ ಕೊಡಬಾರದು. ಒಂದು ಹಿಡಿ ಸಕ್ಕರೆಯೋ, ನಾಲ್ಕು ಎಲೆ ಕರಿಬೇವೋ, ಏನಾದರೂ ಒಂದು ಅದರಲ್ಲಿರಬೇಕು. ಈ ಕಾನೂನುಗಳು ನಮ್ಮತ್ತೆಯವು ಮಾತ್ರವಲ್ಲ, ನಮ್ಮ ಇಡೀ ಬೀದಿಯವು.

ಪವರ್ ಬ್ಯಾಂಕು ಈ ಕಾನೂನಿನ ಒಳಗೆ ಬಂದದ್ದು ಎದುರು ಮನೆ ಗೌರಕ್ಕನಿಂದ. ಗೌರಕ್ಕ ಮೂರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ತವರು ಚಿಂತಾಮಣಿ ಕಡೆ, ಹಾಗಾಗಿ ಆಶ್ಚರ್ಯವಾದಾಗ ಮಾತ್ರ ತೆಲುಗು. ಒಂದು ದಿನ ಕರೆಂಟು ಹೋದಾಗ ಅವರು ನಮ್ಮ ಜಗಲಿಗೆ ಬಂದು, "ಅದೇನೋ ಕರೆಂಟಿನ ಡಬ್ಬಿ ತಂದವ್ರಂತಲ್ಲ, ನಮ್ ಸೊಸೆ ಫೋನು ಸತ್ತೋಗೈತೆ, ಒಂದು ಗಳಿಗೆ ಕೊಡಿ" ಎಂದರು. ನಾನು 'ಅದು ಆಫೀಸಿನ ಕೆಲಸಕ್ಕೆ' ಎಂದು ಬಾಯಿ ತೆರೆಯುವಷ್ಟರಲ್ಲಿ ನಮ್ಮತ್ತೆ ಅದನ್ನು ಅವರ ಮಡಿಲಿಗೆ ಹಾಕಿಯಾಗಿತ್ತು. ಸಂಜೆ ಅದು ವಾಪಸ್ ಬಂತು. ಚೀಲದಲ್ಲಿ ಒಂದೇ ಚುಕ್ಕೆ ಉರಿಯುವ ಪವರ್ ಬ್ಯಾಂಕು, ಜೊತೆಗೆ ಎರಡು ಉದ್ದನೆಯ ನುಗ್ಗೆಕಾಯಿ.

"ಇದೇನತ್ತೆ?" ಎಂದೆ.

"ಕರೆಂಟು ಬರ್ಲಿಲ್ಲ, ತುಂಬಿಸಿ ಕೊಡಕ್ಕಾಗ್ಲಿಲ್ಲ. ಖಾಲಿ ಹೆಂಗೆ ಕೊಡ್ತಾರೆ? ಮನೆತನಸ್ತ ಹೆಂಗಸು" ಎಂದು ನಮ್ಮತ್ತೆ ನುಗ್ಗೆಕಾಯಿ ಒಳಗೆ ಒಯ್ದರು. ಅಂದಿನ ಸಾರು ಚೆನ್ನಾಗಿತ್ತು. ಅದನ್ನು ನಾನು ಒಪ್ಪಿಕೊಳ್ಳಲೇಬೇಕು.

ಅಲ್ಲಿಂದ ಶುರುವಾಯಿತು ನೋಡಿ. ಬೀದಿಯಲ್ಲಿ ಯಾರ ಫೋನು ಸತ್ತರೂ ಅದರ ಪ್ರಾಣ ನಮ್ಮ ಮನೆಯಲ್ಲಿ. ಹಾಲಿನ ಡೇರಿಯ ಕಾರ್ಯದರ್ಶಿಗೆ ಬೇಕು, ಅಂಗನವಾಡಿ ಟೀಚರಿಗೆ ಬೇಕು, ಮಗಳ ಹೆರಿಗೆಗೆ ಆಸ್ಪತ್ರೆಗೆ ಹೊರಟವರಿಗೆ ಬೇಕು. ನಮ್ಮತ್ತೆ ಕಾನೂನನ್ನು ಸ್ಪಷ್ಟಪಡಿಸಿದ್ದರು. ಇದು ಉಪ್ಪಿನ ಜಾತಿಯಲ್ಲ, ಪಾತ್ರೆಯ ಜಾತಿ. ತುಂಬಿಸಿ ಕೊಟ್ಟರೆ ಏನೂ ಬೇಡ. ಖಾಲಿ ಕೊಡುವುದಾದರೆ ಜೊತೆಗೆ ಏನಾದರೂ ಇರಬೇಕು. ಶುಕ್ರವಾರ ಮಾತ್ರ ಇದು ಹೊಸಿಲು ದಾಟುವ ಹಾಗಿಲ್ಲ, ಒಳಗೆ ದೀಪ ಇದೆಯಲ್ಲ. ಹೀಗಾಗಿ ವಾರದಲ್ಲಿ ಒಂದು ದಿನ ನಾನು ನೆಮ್ಮದಿಯಿಂದ ಇರುತ್ತಿದ್ದೆ.

ಕ್ರಮೇಣ ನನಗೆ ಒಂದು ಲೆಕ್ಕ ಸಿಕ್ಕಿಬಿಟ್ಟಿತು. ಚುಕ್ಕೆ ದೀಪ ನೋಡುವ ಅಗತ್ಯವೇ ಇಲ್ಲ. ಬರಿಯ ಪವರ್ ಬ್ಯಾಂಕು ಬಂದರೆ ತುಂಬಿದೆ. ನಾಲ್ಕು ಎಲೆ ಕರಿಬೇವು ಬಂದರೆ ಮೂರು ಚುಕ್ಕೆ ಇದೆ. ನುಗ್ಗೆಕಾಯಿ ಬಂದರೆ ಒಂದು. ಒಂದು ಸೇರು ಅವರೆಕಾಯಿ ಬಂದರೆ ಒಂದು ಚುಕ್ಕೆಯೂ ಇಲ್ಲ, ಪೂರ್ತಿ ಖಾಲಿ. ಸಂಕೋಚ ಹೆಚ್ಚಿದಷ್ಟೂ ತರಕಾರಿ ಹೆಚ್ಚುತ್ತಿತ್ತು. ಒಮ್ಮೆ ಯಾರೋ ಹಲಸಿನ ಹಣ್ಣಿನ ಅರ್ಧ ಹೋಳು ಹೊತ್ತು ತಂದಾಗ ನಾನು ಪವರ್ ಬ್ಯಾಂಕನ್ನು ಮುಟ್ಟಿಯೂ ನೋಡದೆ ಶಶಿಧರ್ ಸಾರಿಗೆ ಏನು ಸುಳ್ಳು ಹೇಳಬೇಕೆಂದು ಯೋಚಿಸತೊಡಗಿದ್ದೆ. ಪುಣ್ಯಕ್ಕೆ ಅಂದು ಕರೆಂಟು ಬಂತು. ಇನ್ನೊಮ್ಮೆ ಯಾರೋ ಚೀಲದೊಳಗೇ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದರು. ಮಾರನೆಯ ದಿನ ಪವರ್ ಬ್ಯಾಂಕಿನ ತೂತಿನಿಂದ ಇರುವೆಗಳು ಸಾಲಾಗಿ ಹೊರಟು ನನ್ನ ಲ್ಯಾಪ್‌ಟಾಪಿನ ಅಕ್ಷರಗಳ ಸಂದಿಗೆ ನುಗ್ಗಿದವು. ನಾನು ಕುಣಿದಾಡಿಬಿಟ್ಟೆ. "ಎಲೆಕ್ಟ್ರಿಕ್ ಸಾಮಾನಿಗೆ ಯಾರಾದ್ರೂ ಸಕ್ಕರೆ ಹಾಕ್ತಾರಾ? ಬುದ್ಧಿ ಬೇಡ್ವಾ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನನಗೇ ಬೇಕಾಗುತ್ತದೆ.

ಆ ಪವರ್ ಬ್ಯಾಂಕಿನದೂ ಒಂದು ವಿಚಿತ್ರ ಸ್ವಭಾವವಿತ್ತು. ಅದಕ್ಕೂ ಲ್ಯಾಪ್‌ಟಾಪಿಗೂ ಒಂದೇ ವೈರು, ಎರಡು ಕಡೆಯೂ ಒಂದೇ ಥರದ ಮೂತಿ. ಒಂದು ದಿನ ಸಿಕ್ಕಿಸಿ ನಿಶ್ಚಿಂತೆಯಿಂದ ಕೆಲಸಕ್ಕೆ ಕೂತೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಲ್ಯಾಪ್‌ಟಾಪಿನ ಚಾರ್ಜು ಅರ್ಧಕ್ಕಿಂತ ಕೆಳಗಿಳಿದಿದೆ, ಪವರ್ ಬ್ಯಾಂಕಿನಲ್ಲಿ ಒಂದು ಚುಕ್ಕೆ ಹೆಚ್ಚಾಗಿದೆ! ಕೊಡಬೇಕಾದದ್ದು ಕುಡಿಯುತ್ತಿದೆ, ಕುಡಿಯಬೇಕಾದದ್ದು ಕೊಡುತ್ತಿದೆ. ಡ್ಯೂಟಿಯಲ್ಲಿದ್ದ ನಮ್ಮನೆಯವರಿಗೆ ಫೋನು ಮಾಡಿದರೆ, "ಮೊದಲು ಬಟನ್ ಒತ್ತಬೇಕು ಕಣೆ, ಇಲ್ಲಾಂದ್ರೆ ಯಾರು ಕೊಡೋದು ಯಾರು ಇಸ್ಕೊಳ್ಳೋದು ಅಂತ ಅವಕ್ಕೇ ಗೊತ್ತಾಗಲ್ಲ" ಎಂದರು. ನಮ್ಮತ್ತೆಗೆ ಮಾತ್ರ ಇದು ಬಹಳ ಹಿಡಿಸಿತು. "ನಿನ್ ಕಂಪ್ಯೂಟರ್ರು ಒಳ್ಳೆ ಮನೆಯಿಂದ ಬಂದೈತೆ. ಮನೆಗೆ ಬಂದೋರನ್ನ ಖಾಲಿ ಕಳಿಸ್ತಿಲ್ಲ ನೋಡು" ಎಂದು ನನ್ನ ಮುಖವನ್ನೇ ನೋಡಿ ಹೇಳಿದರು. ಅದು ಲ್ಯಾಪ್‌ಟಾಪಿನ ಹೊಗಳಿಕೆಯಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಮಳೆಗಾಲ ಶುರುವಾದ ಮೇಲೆ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗತೊಡಗಿತು. ಎರಡು ಸಲ ನಾಲ್ಕು ಗಂಟೆಗೆ ಎರಡೇ ನಿಮಿಷವಿರುವಾಗ ಪಟ್ಟಿ ಕಳಿಸಿದೆ. "ಮೇಡಂ, ಅಂಚಿಗೆ ಬಂದ್ಬಿಟ್ರಲ್ಲ" ಎಂದು ಶಶಿಧರ್ ಸಾರ್ ಫೋನಿನಲ್ಲಿ ನಕ್ಕರು. ಆ ನಗುವಿನಲ್ಲಿ ನನಗೆ ಆರೂ ಮುಕ್ಕಾಲರ ಬಸ್ಸಿನ ಹಾರನ್ನು ಕೇಳಿಸಿತು. ಇನ್ನು ತಡೆಯಲಾಗದು ಎನ್ನಿಸಿ, ಒಂದು ಭಾನುವಾರ ಪವರ್ ಬ್ಯಾಂಕನ್ನು ನಾಲ್ಕೂ ಚುಕ್ಕೆ ಉರಿಯುವ ಹಾಗೆ ತುಂಬಿಸಿ ಬಚ್ಚಿಟ್ಟುಬಿಟ್ಟೆ. ಎಲ್ಲಿ? ಬೀರುವಿನಲ್ಲಿಟ್ಟರೆ ನಮ್ಮತ್ತೆಗೆ ಸಿಗುತ್ತದೆ, ಬೀರುವಿನ ಕೀಲಿ ಇರುವುದೇ ಅವರ ಸೊಂಟದಲ್ಲಿ. ಹಾಸಿಗೆಯ ಕೆಳಗಿಟ್ಟರೆ ನಮ್ಮನೆಯವರು ಹೊರಳಾಡುವಾಗ ಸಿಗುತ್ತದೆ. ನಮ್ಮಮ್ಮ ಬೆಲ್ಲದುಂಡೆ, ಚಿನ್ನದ ಓಲೆ, ಏನು ಬಚ್ಚಿಡಬೇಕಾದರೂ ರಾಗಿಯ ಹೊಟ್ಟೆಗೆ ಹಾಕುತ್ತಿದ್ದಳು. ನನ್ನ ಕೈಯೂ ತಾನಾಗಿ ಅಲ್ಲಿಗೇ ಹೋಯಿತು. ಅಡುಗೆಮನೆಯ ಅಟ್ಟದ ಮೇಲೆ, ಮಿಲ್ಲು ಮಾಡಿಸಿ ತಂದ ರಾಗಿ ಹಿಟ್ಟಿನ ಎರಡನೇ ಡಬ್ಬವಿತ್ತು. ಕೆಳಗಿನ ಡಬ್ಬ ಮುಗಿಯುವವರೆಗೂ ಅದನ್ನು ಯಾರೂ ಇಳಿಸುವುದಿಲ್ಲ. ಹಿಟ್ಟಿನಲ್ಲಿ ಗುಂಡಿ ತೋಡಿ, ಪವರ್ ಬ್ಯಾಂಕು ಹೂತು, ಮೇಲೆ ಹಿಟ್ಟು ಸಮ ಮಾಡಿ ಮುಚ್ಚಳ ಹಾಕಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಕೆಂಬ ಯೋಚನೆ ನನಗೆ ಹೊಳೆಯಲೇ ಇಲ್ಲ. ಓಲೆಗೆ ಕವರು ಬೇಕಿರಲಿಲ್ಲ ನೋಡಿ.

ಮಂಗಳವಾರ ಗೌರಕ್ಕ ಬಂದರು. ಸೊಸೆ ಶ್ವೇತ ಫೋನಿನಲ್ಲೇ ಸೀರೆ ತೋರಿಸಿ ಮಾರುತ್ತಿದ್ದಳು, ಅದಕ್ಕೆ ಬೇಕಿತ್ತು. ನಮ್ಮತ್ತೆ ಮನೆಯೆಲ್ಲ ಹುಡುಕಿ ಬಂದು, "ಎಲ್ಲಮ್ಮಾ ಅದು?" ಎಂದು ನನ್ನನ್ನು ಕೇಳಿದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಆಫೀಸಿನೋರು ವಾಪಸ್ ಇಸ್ಕೊಂಡ್ರು ಅತ್ತೆ" ಎಂದೆ. ಸುಳ್ಳು ಹೇಳುವಾಗ ತಲೆ ಎತ್ತಬಾರದು ಎಂಬುದು ನನಗೆ ಗೊತ್ತು. ಆದರೆ ತಲೆ ಎತ್ತದವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂಬುದು ಗೌರಕ್ಕನಿಗೂ ಗೊತ್ತಿತ್ತೆಂದು ಆಗ ತಿಳಿಯಲಿಲ್ಲ. "ಇಲ್ಲ ಅಂತೆ ಕಣೆ ಗೌರಿ" ಎಂದು ಹೇಳುವಾಗ ನಮ್ಮತ್ತೆಯ ದನಿ ಸಣ್ಣಗಾಗಿತ್ತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ಮೊದಲ ಸಲ ಇಲ್ಲ ಎಂದದ್ದಿರಬೇಕು. ಆದರೂ ಬಸ್ಸಿಗಿಂತ ಇದೇ ವಾಸಿ ಎಂದು ಸಮಾಧಾನ ಮಾಡಿಕೊಂಡೆ.

ಅಷ್ಟಾಗಿ ಮೂರು ವಾರ ಕಳೆಯಿತು. ಕರೆಂಟು ಹೋದರೂ ನಾಲ್ಕು ಗಂಟೆಯೊಳಗೆ ಹೇಗೋ ಬರುತ್ತಿತ್ತು, ಡಬ್ಬ ಇಳಿಸುವ ಪ್ರಮೇಯ ಬರಲಿಲ್ಲ. ಒಂದು ಗುರುವಾರ ಸಂಜೆ ಗುಡುಗು, ಮಿಂಚು, ಮಳೆ. ಊರಾಚೆಯ ಟ್ರಾನ್ಸ್‌ಫಾರ್ಮರಿನಿಂದ ಢಂ ಎಂಬ ಸದ್ದು. ಲೈನ್‌ಮನ್ ಶುಕ್ರವಾರ ಬೆಳಿಗ್ಗೆ ಬಂದು ಮೇಲೆ ನೋಡಿ, ಕೆಳಗೆ ನೋಡಿ, "ಸುಟ್ಟೋಗೈತೆ. ಬೇರೇದು ಬರ್ಬೇಕು. ಭಾನುವಾರ ಅನ್ಕೊಳ್ಳಿ" ಎಂದು ಹೇಳಿ ಹೋದ. ಊರಿನವರೆಲ್ಲ ಗೊಣಗಾಡುತ್ತಿದ್ದರೆ ನಾನು ಒಳಗೊಳಗೇ ನಗುತ್ತಿದ್ದೆ. ಮೂರು ವಾರದ ಸುಳ್ಳಿಗೆ ಇಂದು ಫಲ ಸಿಗುವ ದಿನ. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲೇ ಬೆಳಿಗ್ಗೆ ಕೆಲಸ ಮಾಡಿದೆ, ಧಾರಾಳವಾಗಿ. ಮಧ್ಯಾಹ್ನ ನಮ್ಮತ್ತೆ ಊಟ ಮುಗಿಸಿ ಜಗಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ಕೂರುವವರೆಗೂ ಕಾದು, ಎರಡೂವರೆಗೆ ಸ್ಟೂಲು ಹತ್ತಿ ಡಬ್ಬ ಇಳಿಸಿದೆ. ಲ್ಯಾಪ್‌ಟಾಪು ಕೆಂಪು ದೀಪ ತೋರಿಸುತ್ತಿತ್ತು. ಪಟ್ಟಿ ಅರ್ಧವಾಗಿತ್ತು.

ಹಿಟ್ಟಿನಿಂದ ಎತ್ತಿದಾಗ ನಾಲ್ಕೂ ಚುಕ್ಕೆಗಳು ಉರಿದವು. ನನ್ನ ಬಂಗಾರವೇ ಎಂದು ಸೆರಗಿನಿಂದ ಒರೆಸಿ ವೈರು ಸಿಕ್ಕಿಸಿದೆ. ಹೋಗಲಿಲ್ಲ. ಒತ್ತಿದೆ. ಸ್ವಲ್ಪ ಹೋಯಿತು, ಚಾರ್ಜು ಹತ್ತಲಿಲ್ಲ. ತಿರುಗಿಸಿ ಒತ್ತಿದೆ. ಬಟನ್ ಒತ್ತಿ, ವೈರು ಒತ್ತಿ, ಕೊನೆಗೆ ನನ್ನ ಹಣೆಯನ್ನೇ ಒತ್ತಿಕೊಂಡು ತೂತಿನೊಳಗೆ ಇಣುಕಿ ನೋಡಿದೆ. ಒಳಗೆಲ್ಲ ರಾಗಿ ಹಿಟ್ಟು. ಮಳೆಗಾಲದ ತೇವಕ್ಕೆ ಅಂಟಿಕೊಂಡು, ಈಗ ನಾನು ವೈರಿನಿಂದ ಕುಟ್ಟಿದ್ದಕ್ಕೆ ಗಟ್ಟಿ ಮುದ್ದೆಯಾಗಿ ಕೂತಿತ್ತು. ಪಿನ್ನಿನಿಂದ ಕೆದಕಿದೆ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಬಾಯಿಂದ ಊದಿದೆ. ಮೇಲಿದ್ದ ಪುಡಿಯೆಲ್ಲ ನನ್ನ ಮುಖಕ್ಕೇ ಹಾರಿತು. ಪಕ್ಕದಲ್ಲಿದ್ದ ಚಪ್ಪಟೆ ತೂತು ಫೋನಿಗೆ ಮಾತ್ರ ಆಗುವಂಥದ್ದು, ಅದರಿಂದ ಲ್ಯಾಪ್‌ಟಾಪಿಗೆ ಪ್ರಯೋಜನವಿಲ್ಲ. ನಾಲ್ಕೂ ಚುಕ್ಕೆ ಝಗಝಗ ಉರಿಯುತ್ತಿವೆ, ಹೊಟ್ಟೆ ತುಂಬ ಇದೆ, ಒಂದು ತೊಟ್ಟೂ ಕೊಡುವುದಿಲ್ಲ. ಆ ಕ್ಷಣದಲ್ಲಿ ಅದಕ್ಕೂ ನನಗೂ ಇದ್ದ ಹೋಲಿಕೆ ನನಗೇ ಕಂಡು ಮೈಯುರಿಯಿತು.

ಹಿಂದೆ ಬಳೆ ಸದ್ದಾಯಿತು. ನಮ್ಮತ್ತೆ ಬಾಗಿಲಲ್ಲಿ ನಿಂತಿದ್ದರು. ನೆಲದ ಮೇಲೆ ಹಿಟ್ಟು, ಡಬ್ಬದ ಪಕ್ಕ ನಾನು, ನನ್ನ ಕೈಯಲ್ಲಿ ಆ ಇಟ್ಟಿಗೆ.

"ಆಫೀಸಿನೋರು ಇಸ್ಕೊಂಡು ನಮ್ ಹಿಟ್ಟಿನ ಡಬ್ಬದಾಗೇ ಇಟ್ಟೋದ್ರಾ?" ಎಂದು ಕೇಳಿದರು.

ನಾನು ನೆಲದ ಹಿಟ್ಟನ್ನು ಕೈಯಿಂದ ಗುಡ್ಡೆ ಮಾಡತೊಡಗಿದೆ.

"ಎಲೆಕ್ಟ್ರಿಕ್ ಸಾಮಾನಿಗೆ ಸಕ್ಕರೆ ಹಾಕಿದ್ದಕ್ಕೆ ಬೀದಿಗೆಲ್ಲ ಕೇಳೋ ಹಂಗೆ ಹಾರಾಡ್ದೆ. ನೀನು ಹಿಟ್ಟಲ್ಲೇ ಅದ್ದಿಟ್ಟಿದ್ದೀಯಲ್ಲೇ ತಾಯಿ" ಎಂದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ನನ್ನ ಮುಖ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಆಮೇಲೆ, "ಗೌರಿ ಮನೇಲಿ ಐತೆ. ನೀನು ಇಲ್ಲ ಅಂದ ವಾರದಲ್ಲೇ ಅವಳ ಸೊಸೆ ಹೊಸಾದು ತರ್ಸವ್ಳೆ. ನಿನ್ನದಕ್ಕಿಂತ ದೊಡ್ಡದು. ಹೋಗಿ ಕೇಳು" ಎಂದರು.

"ನಾನಾ? ನೀವೇ ಕೇಳಿ ಅತ್ತೆ."

"ಇಲ್ಲ ಅಂದೋಳು ನೀನು. ಬಸ್ ಹತ್ತೋಳೂ ನೀನೇ. ಹೋಗು."

ನಮ್ಮ ಹೊಸಿಲಿನಿಂದ ಗೌರಕ್ಕನ ಹೊಸಿಲಿಗೆ ಇಪ್ಪತ್ತು ಹೆಜ್ಜೆ. ಅಂದು ಅದು ದೇವನಹಳ್ಳಿಗಿಂತ ದೂರವಿತ್ತು. ದಾರಿಯಲ್ಲಿ ನೆನಪಾಯಿತು, ಅಯ್ಯೋ, ಇವತ್ತು ಶುಕ್ರವಾರ! ಬೆಳಕಿನ ವಸ್ತು ಯಾರೂ ಕೊಡುವ ಹಾಗಿಲ್ಲ. ಈ ಕಾನೂನನ್ನು ವಾರ ವಾರವೂ ನೆಮ್ಮದಿಯಿಂದ ಅನುಭವಿಸಿದವಳು ನಾನೇ. ಗೌರಕ್ಕ ಕೊಟ್ಟಿಗೆ ಗುಡಿಸುತ್ತಿದ್ದರು. ನನ್ನನ್ನು ನೋಡಿ ಪೊರಕೆ ನಿಲ್ಲಿಸಿ, "ಏಂದಮ್ಮಾ ಇದಿ! ಏನಾಯ್ತೇ ಸುಜಾತ?" ಎಂದರು. ಅದೇಕೆ ತೆಲುಗು ಬಂತೆಂದು ಆಗ ನನಗೆ ಹೊಳೆಯಲಿಲ್ಲ. ತಡವರಿಸುತ್ತಾ ಎಲ್ಲ ಹೇಳಿದೆ. ಎಲ್ಲ ಎಂದರೆ ಕರೆಂಟು ಇಲ್ಲದ್ದು, ಪಟ್ಟಿ, ನಾಲ್ಕು ಗಂಟೆ, ಶಶಿಧರ್ ಸಾರ್, ಸೋಮವಾರದ ಬಸ್ಸು. ಹಿಟ್ಟಿನ ಡಬ್ಬವೊಂದನ್ನು ಬಿಟ್ಟು.

"ಇವತ್ತು ಶುಕ್ರವಾರ ಅಲ್ವೇನೇ" ಎಂದರು ಗೌರಕ್ಕ.

"ಹೌದಕ್ಕ" ಎಂದೆ. ಕಣ್ಣಲ್ಲಿ ನೀರು ತುಂಬಿತ್ತು. ಬಸ್ಸಿಗಾಗಿ ಬಂದ ನೀರೋ, ನಾಚಿಕೆಗೆ ಬಂದದ್ದೋ ನನಗೇ ಗೊತ್ತಿಲ್ಲ.

ಗೌರಕ್ಕ ಒಳಗೆ ಹೋದರು. ಪವರ್ ಬ್ಯಾಂಕು ತಂದು ಜಗಲಿಯ ಮೇಲೆ ಇಟ್ಟರು, ವೈರಿನ ಸಮೇತ. ಆಮೇಲೆ ನನ್ನ ಕಡೆ ಬೆನ್ನು ಹಾಕಿ ಹಸುವಿನ ಮೈ ಸವರುತ್ತಾ, "ನಾನು ಏನೂ ಕೊಟ್ಟಿಲ್ಲಮ್ಮ, ಕೆಳಗಿಟ್ಟೆ ಅಷ್ಟೆ. ಯಾರು ಎತ್ಕೊಂಡೋದ್ರೋ ನಾನು ನೋಡ್ಲಿಲ್ಲ" ಎಂದು ಹಸುವಿಗೆ ಹೇಳಿದರು. ನಾನು ಎತ್ತಿಕೊಂಡು ಓಡಿದೆ. ಮೊದಲು ಬಟನ್ ಒತ್ತಿ, ಆಮೇಲೆ ವೈರು ಸಿಕ್ಕಿಸಿದೆ. ಲ್ಯಾಪ್‌ಟಾಪು ಕಣ್ಣು ಬಿಟ್ಟಿತು. ನಾಲ್ಕು ಗಂಟೆಗೆ ಆರು ನಿಮಿಷವಿರುವಾಗ ಪಟ್ಟಿ ಹೋಯಿತು. "ಕರೆಂಟ್ ಇಲ್ದೆ ಹೇಗೆ ಮಾಡಿದ್ರಿ ಮೇಡಂ? ಸುತ್ತಮುತ್ತ ಎಲ್ಲೂ ಇಲ್ವಂತೆ" ಎಂದು ಶಶಿಧರ್ ಸಾರ್ ಕೇಳಿದರು. "ಬ್ಯಾಕಪ್ ಇದೆ ಅಂತ ಹೇಳಿದ್ನಲ್ಲ ಸಾರ್" ಎಂದೆ. ಎದುರು ಮನೆಯಲ್ಲಿದೆ ಎಂದು ಹೇಳಲಿಲ್ಲ. ಫೋನು ಇಟ್ಟ ಮೇಲೆ ಕನ್ನಡಿ ನೋಡಿದರೆ, ಮೂಗು, ಹುಬ್ಬು, ಮುಂಗುರುಳು ಎಲ್ಲ ರಾಗಿ ಹಿಟ್ಟು. ಕಣ್ಣೀರು ಇಳಿದಲ್ಲಿ ಎರಡು ಗೆರೆ ಬೇರೆ.

ಶನಿವಾರದ ಪಟ್ಟಿಯೂ ಅದರ ಹೊಟ್ಟೆಯಿಂದಲೇ ಹೋಯಿತು. ಕೊನೆಯ ಚುಕ್ಕೆಯೂ ಆರಿತು. ಆ ಹೊತ್ತಿಗೆ ಸರಿಯಾಗಿ ಶ್ವೇತ ತವರಿಗೆ ಹೊರಡುತ್ತಾಳೆಂದೂ, ಅದು ಬೇಕೆಂದೂ ಸುದ್ದಿ ಬಂತು. ದಾರಿಯಲ್ಲಿ ಎಲ್ಲಿಯಾದರೂ ತುಂಬಿಸಿಕೊಳ್ಳುತ್ತಾಳಂತೆ. ಕರೆಂಟು ಇನ್ನೂ ಇಲ್ಲ. ಕೈಯಲ್ಲಿ ಖಾಲಿ ಬ್ಯಾಂಕು ಹಿಡಿದು ಅಡುಗೆಮನೆಯಲ್ಲಿ ನಿಂತೆ. ಕರಿಬೇವು ಹಾಕಿದರೆ ಮೋಸ, ನುಗ್ಗೆಕಾಯಿ ಅವರದೇ ಮರದ್ದು. ಇಷ್ಟು ದಿನ ಬೇರೆಯವರ ತರಕಾರಿ ನೋಡಿ ಲೆಕ್ಕ ಹಾಕಿ ನಕ್ಕವಳಿಗೆ, ಹಾಗೆ ಕೊಡಲು ಏನು ಸಿಗುತ್ತದೆಂದು ತಡಕಾಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ನಮ್ಮತ್ತೆ ದೋಟಿ ತೆಗೆದುಕೊಂಡು ಚಕ್ಕೋತ ಮರದ ಹತ್ತಿರ ಹೋದರು. ಅದರ ಹಣ್ಣನ್ನು, ಮಗನೇ ಆದರೂ ಬಾಯಿಬಿಟ್ಟು ಕೇಳದ ಹೊರತು ಅವರು ಕೊಟ್ಟವರಲ್ಲ. ದಿನಾ ಬೆಳಿಗ್ಗೆ ಎಣಿಸಿ ಒಳಗೆ ಬರುತ್ತಾರೆ. ಅದರಲ್ಲೇ ದೊಡ್ಡದನ್ನು, ಎರಡು ಕೈಯಲ್ಲಿ ಹಿಡಿಯಬೇಕಾದದ್ದನ್ನು ಕಿತ್ತು ತಂದು ನನ್ನ ತೋಳಿಗೆ ಹಾಕಿ, "ಹೋಗು" ಎಂದರು.

ಗೌರಕ್ಕ ಜಗಲಿಯಲ್ಲೇ ಕೂತಿದ್ದರು. ಪವರ್ ಬ್ಯಾಂಕನ್ನು ಪಕ್ಕಕ್ಕಿಟ್ಟರು, ಚುಕ್ಕೆ ದೀಪದ ಕಡೆ ನೋಡಲೂ ಇಲ್ಲ. ಹಣ್ಣನ್ನು ಮಾತ್ರ ಎರಡು ಕೈಯಲ್ಲಿ ಎತ್ತಿ ತೂಗಿದರು.

"ದೇವುಡಾ! ಇಷ್ಟು ದೊಡ್ಡದಾ? ಅಂಗಾದ್ರೆ ಒಂದು ಚುಕ್ಕೇನೂ ಉಳಿಸಿಲ್ಲ ಅನ್ನು" ಎಂದರು.

ನನ್ನ ಲೆಕ್ಕ ನನಗೊಬ್ಬಳಿಗೇ ಗೊತ್ತೆಂದು ತಿಳಿದಿದ್ದೆ. ಇಡೀ ಬೀದಿಗೇ ಗೊತ್ತಿತ್ತು. ಎಷ್ಟು ಖಾಲಿಗೆ ಏನು ಕೊಡಬೇಕೆಂದು ಅವರೆಲ್ಲ ಮೊದಲೇ ತೂಗಿಯೇ ಕಳಿಸುತ್ತಿದ್ದರು. ನಾನು ನಗಲಾರದೆ ನಕ್ಕು, "ಬರ್ತೀನಕ್ಕ" ಎಂದು ತಿರುಗಿದೆ.

"ನಿಂತ್ಕೊಳ್ಳೇ" ಎಂದರು ಗೌರಕ್ಕ. "ಈ ಹಣ್ಣು ಖಾಲಿ ಬ್ಯಾಂಕಿಗಾಯ್ತು. ಆಫೀಸಿನೋರು ಇಸ್ಕೊಂಡೋದ್ರು ಅಂದ್ಯಲ್ಲ, ಅದು? ನಿನ್ನೆ ಮುಖದ ತುಂಬಾ ರಾಗಿ ಹಿಟ್ಟು ಬಳ್ಕೊಂಡು ಬಂದಾಗ್ಲೇ ಗೊತ್ತಾಯ್ತು ನಿಮ್ಮ ಆಫೀಸು ಎಲ್ಲೈತೆ ಅಂತ. ಆ ಸುಳ್ಳಿಗೆ ಇನ್ನೊಂದು ತಾ."

ನಾನು ಮನೆಗೆ ಬಂದು ದೋಟಿ ಎತ್ತಿಕೊಂಡೆ. ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮತ್ತೆ ನೋಡಿಯೂ ನೋಡದವರ ಹಾಗೆ, "ಆ ಬಲಗಡೆ ಕೊಂಬೇದು ಹಣ್ಣಾಗೈತೆ, ಅದನ್ನ ಕೀಳು" ಎಂದರು. ಯಾಕೆ ಎಂದು ಕೇಳಲಿಲ್ಲ. ಅವರು ಯಾವಾಗ ಗೌರಕ್ಕನ ಜೊತೆ ಮಾತಾಡಿದರೋ ನನಗೆ ಈಗಲೂ ತಿಳಿಯದು.

ಹಲ್ಲಿನ ಕಡ್ಡಿಯಿಂದ ನಾಲ್ಕು ದಿನ ಕೆದಕಿ ನಮ್ಮನೆಯವರು ನನ್ನ ಪವರ್ ಬ್ಯಾಂಕಿನ ಬಾಯಿ ಬಿಡಿಸಿದರು. ಈಗ ಅದು ನಡುಮನೆಯ ಕಿಟಕಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತದೆ. ಕೇಳಿದವರಿಗೆ ಕೊಡುತ್ತೇನೆ. ನಿಜಕ್ಕೂ ಕೊಡುತ್ತೇನೆ. ಆದರೂ ಯಾರಾದರೂ ಮೂರೂವರೆಗೆ ಬಂದು ಕೇಳಿದಾಗ ನಾಲಗೆಯ ತುದಿಗೆ ಏನೋ ಒಂದು ಬರುತ್ತದೆ. ಆಗ ಕಿಟಕಿಯಿಂದ ಮರದ ಕಡೆ ನೋಡುತ್ತೇನೆ. ಇನ್ನು ಐದೇ ಹಣ್ಣು ಉಳಿದಿವೆ.